ಕಾಕಾನ ಗ್ಯಾರೇಜಿನಲ್ಲಿ ವಿಕಿರಣ ತ್ಯಾಜ್ಯ ಎಷ್ಟು?

ಬಹಳ ದಿನಗಳಾದವು ಈ ಕಡೆ ತಲೆ ಹಾಕಿ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಇದ್ದ ವಿಷಯ ಆಫೀಸಿನದಾಗಿತ್ತು. ಆಫೀಸಿನ ಮಾತು ಇಲ್ಲಿ ತರಬಾರದು ಅಂತ ನನಗೆ ನಾನೇ ಹಾಕಿಕೊಂಡ ನಿಯಮ. ಇವತ್ತು ಮುರಿಯುತ್ತಿದ್ದೇನೆ. ಯಾಕಂದ್ರೆ ಆ ವಿಷಯ ಪುಣೆಯ ಆಫೀಸಿನಿಂದ ಹೊರಟು, ಅಥಣಿ ದಾಟಿ, ನಮ್ಮೂರು ಸತ್ತಿಗೆ ಹೋಗಿ ನಮ್ಮ ಕಾಕಾನ ಮನೆಯೊಳಗೇ ಕೂತುಬಿಟ್ಟಿದೆ. ಕಂಪನಿಯ ಹೆಸರು ಮಾತ್ರ ಕೇಳಬೇಡಿ. ಷೇರುಪೇಟೆಯಲ್ಲಿರುವ ಒಂದು ಜನರಲ್ ಇನ್ಶುರೆನ್ಸ್ ಕಂಪನಿ, ಅಷ್ಟು ಸಾಕು.

ನನ್ನ ಕೆಲಸ ಏನು ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅವ್ವ ಕೇಳಿದವರಿಗೆಲ್ಲ 'ವಿಮಾ ಆಫೀಸಿನ್ಯಾಗ ಸಾಹೇಬ ಅದಾನ' ಅಂತ ಹೇಳಿ ಮುಗಿಸುತ್ತಾಳೆ. ನಿಜ ಹೇಳಬೇಕೆಂದರೆ ನಾನು ಪಾಲಿಸಿ ಮಾರುವವನೂ ಅಲ್ಲ, ಕ್ಲೇಮು ಪಾಸು ಮಾಡುವವನೂ ಅಲ್ಲ. ವರ್ಷಕ್ಕೊಂದು ವರದಿ ತುಂಬುವವನು. ಅದರ ಹೆಸರು ಬಿಆರ್‌ಎಸ್‌ಆರ್, ವ್ಯವಹಾರದ ಜವಾಬ್ದಾರಿ ಮತ್ತು ಸುಸ್ಥಿರತೆಯ ವರದಿ. ಹೆಸರು ಕೇಳಿ ಓಡಿಹೋಗಬೇಡಿ, ಮುಂದೆ ಕಾಕಾ ಬರ್ತಾನೆ.

2012ರಲ್ಲಿ ಸೆಬಿಯವರು ಷೇರುಪೇಟೆಯ ಅತಿ ದೊಡ್ಡ 100 ಕಂಪನಿಗಳಿಗೆ, ಬರೀ ಲಾಭ-ನಷ್ಟದ ಲೆಕ್ಕ ಸಾಲದು, ಪರಿಸರಕ್ಕೆ, ಕೆಲಸಗಾರರಿಗೆ, ಗಿರಾಕಿಗಳಿಗೆ ಏನು ಮಾಡಿದಿರಿ ಅನ್ನೋದನ್ನೂ ಬರೆಯಿರಿ ಅಂದರು. 2021ರ ಮೇ ತಿಂಗಳಲ್ಲಿ ಅದು ಬೆಳೆದು ಬಿಆರ್‌ಎಸ್‌ಆರ್ ಆಯಿತು. 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳಿಗೆ ಕಡ್ಡಾಯ. ಮೂರು ಭಾಗ, ಒಂಬತ್ತು ತತ್ವ, ಹತ್ತಿರ ಹತ್ತಿರ 140 ಪ್ರಶ್ನೆ. ಉಕ್ಕಿನ ಕಾರ್ಖಾನೆಗೂ ಅದೇ ಫಾರ್ಮು, ಸಿಮೆಂಟಿಗೂ ಅದೇ, 2022ರ ಮೇನಲ್ಲಿ ಪೇಟೆಗೆ ಬಂದ ಎಲ್‌ಐಸಿಗೂ ಅದೇ.

ತಮಾಷೆ ಇರೋದು ಇಲ್ಲೇ ನೋಡಿ. ನೀರಿನ ಕೋಷ್ಟಕದಲ್ಲಿ ನದಿ-ಕೆರೆಯಿಂದ ಎಷ್ಟು ಕಿಲೋಲೀಟರ್ ಎತ್ತಿದಿರಿ, ಅಂತರ್ಜಲ ಎಷ್ಟು, ಟ್ಯಾಂಕರಿನವರಿಂದ ಕೊಂಡದ್ದೆಷ್ಟು, ಸಮುದ್ರದ ನೀರು ಎಷ್ಟು ಅಂತ ಬೇರೆ ಬೇರೆ ಕೇಳುತ್ತಾರೆ. ನಮ್ಮದೋ, ಬಾಡಿಗೆ ಕಟ್ಟಡದ ಮೂರನೇ ಮಹಡಿ. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಟ್ಯೂಷನ್ ಕ್ಲಾಸು, ಮೂವರಿಗೂ ಸೇರಿ ಒಂದೇ ನೀರಿನ ಟ್ಯಾಂಕು. ಮೀಟರ್ ಎಲ್ಲಿಂದ ಬರಬೇಕು? ಅದಕ್ಕೆ ಎಲ್ಲರೂ ಒಂದು ಉಪಾಯ ಕಂಡುಕೊಂಡಿದ್ದಾರೆ. ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬ ಮನುಷ್ಯನಿಗೆ ದಿನಕ್ಕೆ 45 ಲೀಟರ್ ಅಂತ ಒಂದು ಸರ್ಕಾರಿ ಅಂದಾಜು ಇದೆ. ನೌಕರರ ಸಂಖ್ಯೆಗೆ ಅದನ್ನು ಗುಣಿಸು, ಕೆಲಸದ ದಿನಗಳಿಗೆ ಗುಣಿಸು, ಬರೆ. ಆಡಿಟರ್ ಬಂದು ಗುಣಾಕಾರ ಸರಿ ಇದೆಯಾ ಅಂತ ನೋಡಿ ಸಹಿ ಮಾಡುತ್ತಾರೆ. ತ್ಯಾಜ್ಯದ ಕೋಷ್ಟಕ ಇನ್ನೂ ಚೆಂದ. ಪ್ಲಾಸ್ಟಿಕ್, ಇ-ತ್ಯಾಜ್ಯ, ಆಸ್ಪತ್ರೆಯ ತ್ಯಾಜ್ಯ, ಕಟ್ಟಡ ಒಡೆದ ಮಣ್ಣು-ಕಲ್ಲು, ಬ್ಯಾಟರಿ, ಆಮೇಲೆ ವಿಕಿರಣ ತ್ಯಾಜ್ಯ! ಪ್ರತಿ ವರ್ಷ ಆ ಮನೆಯಲ್ಲಿ ಸೊನ್ನೆ ಹಾಕುವಾಗ ನನಗೆ ಏನೋ ಒಂದು ಸಮಾಧಾನ. ನಮ್ಮ ವರದಿಯಲ್ಲಿ ನೂರಕ್ಕೆ ನೂರು ನಿಜವಾದ ಸಂಖ್ಯೆ ಅದೊಂದೇ :-)

ಹಾಗಾಗಿ 'ಇನ್ಶುರೆನ್ಸ್ ಕಂಪನಿಗಳ ಮೇಲೆ ವರದಿಯ ಭಾರ ಜಾಸ್ತಿ ಆಯ್ತು, ಇಳಿಸಬೇಕು' ಅಂತ ಯಾರಾದರೂ ಅಂದರೆ ನಾನು ಮೊದಲು ಕೈ ಎತ್ತುವವನು. ಆ ಭಾರ ಹೊತ್ತವನು ನಾನೇ. ಅದು ಇಳಿದಾಗ ಪೇಡೆ ತಿಂದವನೂ ನಾನೇ. ಪೇಡೆಯ ಕತೆ ಆಮೇಲೆ.

2023ರ ಜುಲೈನಲ್ಲಿ ಸೆಬಿ ಇನ್ನೊಂದು ಹೆಜ್ಜೆ ಹಾಕಿತು. ಬಿಆರ್‌ಎಸ್‌ಆರ್ ಕೋರ್. ಮುಖ್ಯವಾದ ಕೆಲವು ಸಂಖ್ಯೆಗಳನ್ನು ಹೊರಗಿನವರು ತಪಾಸಣೆ ಮಾಡಿ ಖಾತ್ರಿ ಕೊಡಬೇಕು. ಅದರ ಜೊತೆಗೆ, ಮೊದಲ 250 ಕಂಪನಿಗಳು ತಮ್ಮ ಲೆಕ್ಕ ಅಷ್ಟೇ ಅಲ್ಲ, ತಮಗೆ ಸಾಮಾನು-ಸೇವೆ ಕೊಡುವವರ ಮತ್ತು ತಮ್ಮಿಂದ ಕೊಳ್ಳುವವರ ಲೆಕ್ಕವನ್ನೂ 2024-25ರಿಂದ ಕೊಡಬೇಕು. ಇದಕ್ಕೆ ಮೌಲ್ಯ ಸರಪಳಿ ಅಂತ ಹೆಸರು. ಖರೀದಿ-ಮಾರಾಟದ ಮೊತ್ತದಲ್ಲಿ ಶೇಕಡಾ 75 ಆಗುವವರೆಗೆ ದೊಡ್ಡವರಿಂದ ಹಿಡಿದು ಲೆಕ್ಕ ಹಾಕುತ್ತಾ ಬರಬೇಕು. ಕೊಡಿ, ಇಲ್ಲಾ ಯಾಕೆ ಕೊಡಲಿಲ್ಲ ಅಂತ ಹೇಳಿ ಅನ್ನುವ ನಿಯಮ ಅದು.

ಸೋಪಿನ ಕಂಪನಿಗೆ ಇದು ಅರ್ಥವಾಗುತ್ತದೆ. ಎಣ್ಣೆ ಎಲ್ಲಿಂದ ಬಂತು, ಡಬ್ಬಿ ಯಾರು ಮಾಡಿದರು, ಅಷ್ಟೇ. ಇನ್ಶುರೆನ್ಸ್ ಕಂಪನಿ ಏನನ್ನು ಖರೀದಿಸುತ್ತೆ ಹೇಳಿ? ನಮ್ಮ ಆಫೀಸಿನಲ್ಲಿ ಇದರ ಮೇಲೆ ಎರಡು ವಾರ ಚರ್ಚೆ ನಡೆಯಿತು. ಏಜೆಂಟರ ಕಮಿಷನ್ ಖರೀದಿಯೇ? ಮರುವಿಮೆಗೆ ಕೊಡುವ ಪ್ರೀಮಿಯಂ? ಕ್ಯಾಶ್‌ಲೆಸ್ ಆಸ್ಪತ್ರೆಗೆ, ಗ್ಯಾರೇಜಿಗೆ ಕಟ್ಟುವ ಬಿಲ್ಲು? ಗ್ಯಾರೇಜಿನವನು ನಮಗೆ ಕೆಲಸ ಮಾಡಿಕೊಟ್ಟನೋ ಗಿರಾಕಿಗೋ? ಉತ್ತರ ಸಿಗಲಿಲ್ಲ. ಉತ್ತರ ಸಿಗದಾಗ ಆಫೀಸುಗಳು ಏನು ಮಾಡುತ್ತವೋ ಅದನ್ನೇ ನಾವೂ ಮಾಡಿದೆವು. ಎಲ್ಲರಿಗೂ ಕಳಿಸಿಬಿಡಿ ಅಂದರು ದೊಡ್ಡವರು.

ಕಳಿಸಿದೆವು. 37 ಪ್ರಶ್ನೆಗಳ ಒಂದು ಎಕ್ಸೆಲ್ ಫೈಲು, ಇಂಗ್ಲಿಷಿನಲ್ಲಿ. ಜೊತೆಗಿದ್ದ ಕಾಗದ ಬರೆದವನು ನಾನು. 15 ದಿನದೊಳಗೆ ಭರ್ತಿ ಮಾಡಿ ಕಳಿಸುವುದು ಕಡ್ಡಾಯ ಅಂತ ಒಂದು ಸಾಲು ಹಾಕಿದೆ. ನಿಯಮದಲ್ಲಿ ಆ ಸಣ್ಣ ಗ್ಯಾರೇಜುಗಳಿಗೆ ಯಾವ ಕಡ್ಡಾಯವೂ ಇರಲಿಲ್ಲ. ನಮ್ಮ ಕಂಪನಿಗೇ ಪೂರ್ತಿ ಕಡ್ಡಾಯ ಇರಲಿಲ್ಲ, ಕಾರಣ ಹೇಳಿ ಬಿಡಬಹುದಿತ್ತು. ಆದರೆ ಕಡ್ಡಾಯ ಅನ್ನದಿದ್ದರೆ ಯಾರು ತುಂಬ್ತಾರೆ? ಆ ಪದವನ್ನು ನಾನು ದಪ್ಪ ಅಕ್ಷರದಲ್ಲಿ ಬೇರೆ ಹಾಕಿದ್ದೆ.

ಅದು 2024ರ ದೀಪಾವಳಿಯ ಹಿಂದಿನ ವಾರ. ಹಬ್ಬಕ್ಕೆ ಊರಿಗೆ ಹೋದೆ.

ನಮ್ಮ ಕಾಕಾಂದು ಅಥಣಿಯಲ್ಲಿ ಗ್ಯಾರೇಜು. ಟ್ರ್ಯಾಕ್ಟರ್, ಬೊಲೆರೊ, ಸುಗ್ಗಿಯಲ್ಲಿ ಕಬ್ಬಿನ ಟ್ರಾಲಿ. ಮನೆ ಮಾತ್ರ ಸತ್ತಿಯಲ್ಲೇ, ದಿನಾ ಹೋಗಿ ಬರ್ತಾನೆ. ಒಂದೆರಡು ಇನ್ಶುರೆನ್ಸ್ ಕಂಪನಿಗಳ ಕ್ಯಾಶ್‌ಲೆಸ್ ಬೋರ್ಡು ಗ್ಯಾರೇಜಿನ ಮುಂದೆ ತೂಗಿ ಹಾಕಿದ್ದಾನೆ. ಅದರಲ್ಲಿ ನಮ್ಮ ಕಂಪನಿಯದೂ ಒಂದು. ಅದನ್ನು ನಾನು ಮರೆತೇಬಿಟ್ಟಿದ್ದೆ ಅಂದರೆ ನೀವು ನಂಬಬೇಕು. ನೂರಾರು ಇಮೇಲ್ ವಿಳಾಸಗಳ ಪಟ್ಟಿಯಲ್ಲಿ ಕಾಕಾನ ಗ್ಯಾರೇಜು ಯಾರಿಗೆ ಕಾಣುತ್ತೆ?

ಚಹಾ ಕುಡಿಯುತ್ತಾ ಕೂತಾಗ ಕಾಕಾ ಫೋನು ಮುಂದೆ ಹಿಡಿದ.

"ಲೇ ತಮ್ಮಾ, ನೀ ಅದೇ ಲೈನಿನ್ಯಾಗ ಅದಿ ಅಲ್ಲಾ. ಇದೇನ್ ನೋಡ. ನಿಮ್ಮ ತಂಗಿ ಓದಿ ಹೇಳಿದ್ಲು, ನನಗೇನ್ ತಿಳೀಲಿಲ್ಲ. ರೇಡಿಯೋ ವೇಸ್ಟ್ ಎಷ್ಟ ಟನ್ ಐತಿ ಅಂತ ಕೇಳ್ಯಾರ. ನಮ್ಮಲ್ಲಿ ಹಳೀ ರೇಡಿಯೋ ಒಂದ ಐತಿ, ಕೆಟ್ಟು ಹತ್ತ ವರ್ಷ ಆತು. ಅದನ್ನ ಬರಿಬೇಕೇನ?"

ಕಾಕು ಒಳಗಿನಿಂದ ನಕ್ಕಳು. ತಂಗಿ "ಅದು ರೇಡಿಯೋ ಅಲ್ಲ ಅಪ್ಪಾ, ರೇಡಿಯೋಆಕ್ಟಿವ್" ಅಂತ ತಿದ್ದಿದಳು. ನಾನೂ ನಕ್ಕೆ. ಕಾಕಾ ನಗಲಿಲ್ಲ.

"ನಗೂದಲ್ಲೋ. ತುಂಬಿ ಕಳಸ್ಲಿಲ್ಲಂದ್ರ ಬೋರ್ಡ್ ಕಿತ್ತಕೊಂಡ ಹೋಗ್ತಾರೇನ ಇವ್ರು? ಕಡ್ಡಾಯ ಅಂತ ಬರದಾರ."

ನಾನು ಆವಾಗಲೇ ಹೇಳಬೇಕಿತ್ತು. ಬರೆದವನು ನಾನೇ ಕಾಕಾ, ತಲೆ ಕೆಡಿಸ್ಕೋಬ್ಯಾಡ ಅಂತ. ಹೇಳಲಿಲ್ಲ. ಕಂಪನಿಗಳು ಹಂಗ ಕಳಸ್ತಾವ, ಸುಮ್ಮನ ಏನರ ತುಂಬು ಅಂದೆ. ಕಾಕಾ ಸುಮ್ಮನೆ ಏನಾದರೂ ತುಂಬುವ ಮನುಷ್ಯ ಅಲ್ಲ. ಅಥಣಿಯ ಒಂದು ಕಂಪ್ಯೂಟರ್ ಅಂಗಡಿಯವನಿಗೆ ಎರಡೂವರೆ ಸಾವಿರ ಕೊಟ್ಟು ತುಂಬಿಸಿದ. ಮೂರು ವಾರದ ಮೇಲೆ ಆ ಫೈಲು ಪುಣೆಯಲ್ಲಿ ನನ್ನ ಮೇಜಿಗೇ ಬಂತು. ಕಂಪ್ಯೂಟರಿನವನು ಬುದ್ಧಿವಂತ, ಎಲ್ಲ ಖಾನೆಯಲ್ಲೂ 12 ಅಂತ ಹಾಕಿದ್ದ. ನೀರು 12, ಕರೆಂಟು 12, ಹಸಿರುಮನೆ ಅನಿಲ 12, ಮಹಿಳಾ ನೌಕರರು 12, ವಿಕಿರಣ ತ್ಯಾಜ್ಯವೂ 12. ಆ ಲೆಕ್ಕದಲ್ಲಿ ಅಥಣಿಯಲ್ಲಿ ಒಂದು ಅಣುಸ್ಥಾವರ ಇದೆ ಅಂತಾಯ್ತು!

ಕಾಕಾ ಒಬ್ಬನದೇ ಅಲ್ಲ, ಬಂದವೆಲ್ಲ ಹೆಚ್ಚುಕಡಿಮೆ ಹೀಗೇ ಇದ್ದವು. ಯಾರೋ ಒಬ್ಬ ಗ್ಯಾರೇಜಿನವನು ಎಲ್ಲ ಖಾನೆಯಲ್ಲೂ 'ದೇವರ ದಯೆಯಿಂದ ಚೆನ್ನಾಗಿದೆ' ಅಂತ ಬರೆದಿದ್ದ. ನನಗೆ ಅವನ ಮೇಲೆ ಗೌರವ ಬಂತು.

ಆಮೇಲೆ ಏನಾಯಿತು ಅಂದರೆ, 2024ರ ಡಿಸೆಂಬರ್‌ನಲ್ಲಿ ಸೆಬಿ ತನ್ನ ಬೋರ್ಡ್ ಸಭೆಯಲ್ಲಿ ಇದನ್ನು ಸಡಿಲ ಮಾಡಲು ಒಪ್ಪಿತು. 2025ರ ಮಾರ್ಚ್ 28ಕ್ಕೆ ಸುತ್ತೋಲೆ ಬಂತು. ಸರಪಳಿಯ ಲೆಕ್ಕ ಇನ್ನು ಐಚ್ಛಿಕ, ಅದೂ ಒಂದು ವರ್ಷ ಮುಂದಕ್ಕೆ. ಒಬ್ಬೊಬ್ಬರೇ ಶೇಕಡಾ 2 ಅಥವಾ ಅದಕ್ಕಿಂತ ಹೆಚ್ಚಿನ ವ್ಯವಹಾರ ಇರುವವರನ್ನು ಮಾತ್ರ ಕೇಳಿದರೆ ಸಾಕು. ನಮ್ಮ ಪಟ್ಟಿಯಲ್ಲಿ ಶೇಕಡಾ 2 ದಾಟುವ ಗ್ಯಾರೇಜು ಒಂದೂ ಇರಲಿಲ್ಲ. ಅವತ್ತು ಆಫೀಸಿನಲ್ಲಿ ಧಾರವಾಡ ಪೇಡೆ ಹಂಚಿದರು. (ಪುಣೆಯಲ್ಲಿ ಧಾರವಾಡ ಪೇಡೆ ತರಿಸಿದ್ದು ನಾನು, ಆ ಹೆಮ್ಮೆ ಬಿಡಲಾರೆ.) ನೂರಾರು ಎಕ್ಸೆಲ್ ಫೈಲುಗಳ ಫೋಲ್ಡರನ್ನು ಯಾರೋ 'ಹಳೆಯದು' ಅಂತ ಹೆಸರು ಬದಲಿಸಿ ಪಕ್ಕಕ್ಕೆ ಸರಿಸಿದರು.

ಗ್ಯಾರೇಜಿನವರಿಗೆ, ಇನ್ನು ಬೇಡ, ನೀವು ಕಳಿಸಿದ್ದನ್ನು ನಾವು ಬಳಸಲಿಲ್ಲ ಅಂತ ಒಂದು ಸಾಲು ಬರೆಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ನನಗೂ. ನಿಯಮದ ಭಾರ ನಮ್ಮ ಮೇಲೆ ಬಂದಾಗ ಅರ್ಧ ದಿನದಲ್ಲಿ ಅದನ್ನು ಕೆಳಗಿನವರಿಗೆ ದಾಟಿಸಿದ್ದೆವು. ನಮ್ಮ ಭಾರ ಇಳಿದಾಗ ಅವರದನ್ನು ಇಳಿಸೋಕೆ ಒಂದು ಇಮೇಲ್ ಸಾಕಿತ್ತು.

ಇದು ನಮ್ಮಲ್ಲಿ ಮಾತ್ರ ಅಲ್ಲ ಬಿಡಿ. ಯುರೋಪಿನವರು ನಮಗಿಂತ ದೊಡ್ಡ ಗಂಟು ಕಟ್ಟಿಕೊಂಡಿದ್ದರು. 2025ರ ಫೆಬ್ರವರಿಯಲ್ಲಿ ಅಲ್ಲಿಯ ಆಯೋಗ ಅದನ್ನು ಬಿಚ್ಚುವ ಪ್ರಸ್ತಾವ ಇಟ್ಟಿತು, ಡಿಸೆಂಬರ್‌ನಲ್ಲಿ ಸಂಸತ್ತು ಮತ್ತು ಸದಸ್ಯ ದೇಶಗಳು ಒಪ್ಪಂದಕ್ಕೆ ಬಂದವು. 1000ಕ್ಕಿಂತ ಹೆಚ್ಚು ನೌಕರರು ಮತ್ತು 45 ಕೋಟಿ ಯೂರೋ ಮೀರಿದ ವಹಿವಾಟು, ಎರಡೂ ಇದ್ದವರು ಮಾತ್ರ ಬರೆಯಬೇಕು. ಅದೇ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಸುಸ್ಥಿರತಾ ಮಾನದಂಡ ಮಂಡಳಿಯವರು ಇನ್ಶುರೆನ್ಸ್‌ನವರಿಗೆ ನೇರವಾಗಿ ಬೇಕಾದ ಒಂದು ರಿಯಾಯಿತಿ ಕೊಟ್ಟರು. ನಾವು ವಿಮೆ ಮಾಡಿದ ಗಾಡಿ, ಕಾರ್ಖಾನೆಗಳು ಬಿಡುವ ಹೊಗೆಯನ್ನು ನಮ್ಮ ಲೆಕ್ಕದಲ್ಲಿ ತೋರಿಸದೆ ಬಿಡಬಹುದು ಅಂತ. ಇದು ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ. ಸತ್ತಿಯ ಒಂದು ಬೈಕು ವರ್ಷಕ್ಕೆ ಎಷ್ಟು ಹೊಗೆ ಬಿಡ್ತು ಅಂತ ಪುಣೆಯಲ್ಲಿ ಕೂತು ಊಹೆ ಮಾಡಿ, ಅದರಲ್ಲಿ ನಮ್ಮ ಪ್ರೀಮಿಯಂನ ಪಾಲೆಷ್ಟು ಅಂತ ಭಾಗಿಸಿ ಬರೆದರೆ ಆ 45 ಲೀಟರ್ ನೀರಿನ ಲೆಕ್ಕಕ್ಕಿಂತ ದೊಡ್ಡ ಸುಳ್ಳಾಗುತ್ತಿತ್ತು.

ಇಷ್ಟೆಲ್ಲ ಭಾರ ಇಳಿದ ಖುಷಿಯಲ್ಲಿ 2026ರ ಸಂಕ್ರಮಣಕ್ಕೆ ಮತ್ತೆ ಊರಿಗೆ ಹೋದೆ. ಹೊಳೆಯಲ್ಲಿ ಜಳಕ, ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹೋಳಿಗೆ. ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳ ಹಾಡು. ಊಟ ಆದಮೇಲೆ ಕಾಕಾ ಸಹಜವಾಗಿ ಕೇಳಿದ.

"ತಮ್ಮಾ, ಆ ಫಾರ್ಮ್ ತುಂಬಿದ್ನೆಲ್ಲ, ಅದರದು ಏನೂ ಸುದ್ದಿನ ಇಲ್ಲಲ್ಲೋ. ಪಾಸೋ ನಪಾಸೋ?"

ಹದಿನಾಲ್ಕು ತಿಂಗಳು ಮನುಷ್ಯ ರಿಸಲ್ಟಿಗೆ ಕಾದಿದ್ದಾನೆ. ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಕಾಗದ ಬರೆದವನು ನಾನು, ಕಡ್ಡಾಯ ಅಂದವನು ನಾನು, ಆಮೇಲೆ ಅದು ಬೇಡವಾಯ್ತು, ಹೇಳದೆ ಬಿಟ್ಟವನೂ ನಾನು. ಕಾಕಾ ಸ್ವಲ್ಪ ಹೊತ್ತು ಅಡಿಕೆ ಕತ್ತರಿಸುತ್ತಾ ಕೂತ. ಬೈತಾನೆ ಅಂದುಕೊಂಡೆ.

"ಅಷ್ಟ ಪ್ರಶ್ನೆ ಕೇಳಿದ್ರಿ," ಅಂದ. "ಹೊಳಿ ಬಂದಾಗ ಏನಾತು ಅಂತ ಒಂದರ ಕೇಳಿದ್ರೇನ?"

ನಿಮ್ಮಲ್ಲಿ ಕೃಷ್ಣೆಯ ದಂಡೆ ನೋಡದವರಿಗೆ ಒಂದು ಮಾತು. ನಮ್ಮ ಅಥಣಿ ಸೀಮೆ ಮಳೆ ಕಡಿಮೆ ಇರುವ ಸೀಮೆ. ಆಗಸ್ಟ್ ತಿಂಗಳಲ್ಲಿ ನಮ್ಮ ಹೊಲದಲ್ಲಿ ಧೂಳು ಏಳುತ್ತಿರುವಾಗಲೇ ಹೊಳೆ ಮನೆ ಬಾಗಿಲಿಗೆ ಬಂದಿರಬಹುದು. ಮಳೆ ಬೀಳೋದು ಮಹಾಬಳೇಶ್ವರದ ಕಡೆ, ಕೊಯ್ನಾ ಕಡೆ. ನೀರು ಬಿಟ್ಟರಂತೆ ಅನ್ನುವ ಸುದ್ದಿ ಮೊದಲು, ಆಮೇಲೆ ನೀರು. ಸತ್ತಿ, ನಂದೇಶ್ವರ, ಜನವಾಡ, ದರೂರ, ಅವರಖೋಡ, ದಂಡೆಯ ಊರುಗಳ ಪಾಡು ಒಂದೇ. 2005ರಲ್ಲಿ ಬಂತು. 2019ರ ಆಗಸ್ಟ್‌ನಲ್ಲಿ ಬಂದದ್ದಂತೂ ನಮ್ಮ ಮುತ್ಯಾ ಕಂಡಿರಲಿಲ್ಲ. 2021ರ ಜುಲೈನಲ್ಲಿ ಮತ್ತೆ.

2019ರಲ್ಲಿ ನಾನು ಪುಣೆಯಲ್ಲಿ ಸಿಕ್ಕಿಕೊಂಡಿದ್ದೆ. ಕೊಲ್ಹಾಪುರದ ಹತ್ತಿರ ಹೆದ್ದಾರಿಯೇ ನೀರಿನಲ್ಲಿ ಮುಳುಗಿ ದಿನಗಟ್ಟಲೆ ಬಂದ್ ಆಗಿತ್ತು. ಅಪ್ಪ-ಅವ್ವ ದನ ಹೊಡೆದುಕೊಂಡು ಅಥಣಿಯ ಸಾಲೆಯೊಂದರಲ್ಲಿ ಕೂತಿದ್ದರು. ಫೋನು ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಸರ್ಕಾರ ತುರ್ತಿಗೆ ಅಂತ ಮನೆಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಘೋಷಿಸಿತು. ತಲಾಟಿ ಬಂದ, ಪಂಚನಾಮೆ ಆಯಿತು. ಕಬ್ಬಿನ ಕತೆ ಬೇರೆ. ಹದಿನೈದು ದಿನ ಸುಳಿ ಮುಳುಗಿ ನಿಂತ ಕಬ್ಬು ಕೊಳೆತು ಹೋಯಿತು, ಅದಕ್ಕೆ ವಿಮೆ ಮಾಡಿಸಿದವರನ್ನು ನಮ್ಮ ಓಣಿಯಲ್ಲಿ ನಾನಂತೂ ಕಾಣೆ. ವಿಮೆ ಅನ್ನೋದು ನಮ್ಮೂರಲ್ಲಿ ಇದ್ದದ್ದು ಗಾಡಿಗಳಿಗೆ ಮಾತ್ರ. ಬ್ಯಾಂಕಿನ ಸಾಲಕ್ಕಾಗಿ, ಪೊಲೀಸರಿಗಾಗಿ.

ನೀರು ಇಳಿದ ಮೇಲೆ ಆ ಗಾಡಿಗಳೆಲ್ಲ ಕಾಕಾನ ಗ್ಯಾರೇಜಿಗೆ ಬಂದವು. ಕಾಕಾ ಎದ್ದು ಹೋಗಿ ಅಟ್ಟದಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಡೈರಿ ತಂದ. ಸಹಕಾರಿ ಸಂಘದವರು ಹಂಚುವಂಥ ಡೈರಿ. ಅದರಲ್ಲಿ ಬಾಲ್‌ಪೆನ್ನಿನಲ್ಲಿ ಗೆರೆ ಹೊಡೆದ ಖಾನೆಗಳು. ಯಾವ ಊರು. ಯಾವ ಗಾಡಿ. ನೀರು ಎಲ್ಲಿತನಕ: ಗಾಲಿ, ಸೀಟು, ಬಾನೆಟ್, ಪೂರ್ತಿ. ಎಷ್ಟು ದಿನ ನೀರಾಗ. ಸರ್ವೇದವರು ಯಾವತ್ತು ಬಂದರು. ರೊಕ್ಕ ಯಾವತ್ತು ಬಂತು. ಕೊನೆಯ ಖಾನೆಯಲ್ಲಿ ಕೆಲವು ಕಡೆ ತಾರೀಖು, ಬಹಳ ಕಡೆ 'ಇಲ್ಲ'. ಇಲ್ಲ ಅಂತ ಇದ್ದಲ್ಲಿ ಪಕ್ಕಕ್ಕೆ ಸಣ್ಣ ಅಕ್ಷರದಲ್ಲಿ ಕಾರಣ. ಅದರಲ್ಲಿ ಪದೇ ಪದೇ ಬರುವ ಒಂದು ಕಾರಣ 'ಚಾವಿ ತಿರಿವಿದ'.

ಇದನ್ನು ಗಾಡಿ ಇರುವವರೆಲ್ಲ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ನೀರಿನಲ್ಲಿ ನಿಂತ ಗಾಡಿಯನ್ನು ಚಾಲೂ ಮಾಡಿ ನೋಡಿದರೆ ಇಂಜಿನ್ನಿನೊಳಗೆ ನೀರು ಸಿಕ್ಕು ಅದು ಹೋಗಿಬಿಡುತ್ತದೆ. ಆಗ 'ಇದು ನೆರೆಯಿಂದ ಆದ ಹಾನಿ ಅಲ್ಲ, ನೀವು ಚಾಲೂ ಮಾಡಿದ್ದರಿಂದ ಆದದ್ದು' ಅಂತ ಸಾಮಾನ್ಯ ಪಾಲಿಸಿಯಲ್ಲಿ ಇಂಜಿನ್ನಿನ ದುಡ್ಡು ಕೊಡುವುದಿಲ್ಲ. ಅದಕ್ಕೆ ಬೇರೆಯೇ ಹೆಚ್ಚುವರಿ ರಕ್ಷಣೆ ಕೊಂಡಿರಬೇಕು. ಹದಿನೈದು ದಿನದ ಮೇಲೆ ಮನೆಗೆ ಬಂದ ಮನುಷ್ಯ, ಅಂಗಳದಲ್ಲಿ ಕೆಸರು ಮೆತ್ತಿದ ತನ್ನ ಟ್ರ್ಯಾಕ್ಟರು ಕಂಡರೆ ಮೊದಲು ಏನು ಮಾಡ್ತಾನೆ ಹೇಳಿ. ಚಾವಿ ಹಾಕಿ ತಿರುವುತ್ತಾನೆ. ಜೀವ ಇದೆಯಾ ಅಂತ ನೋಡ್ತಾನೆ. 2021ರ ಪುಟಗಳಲ್ಲಿ ಆ ಕಾರಣ ಕಡಿಮೆ ಆಗಿತ್ತು. ಕಾಕಾ ಹೇಳಿದ, ಆ ವರ್ಷ ನೀರು ಬರ್ತೈತಿ ಅಂತ ಸುದ್ದಿ ಬಂದ ಕೂಡಲೇ ಊರೂರಿಗೆ ಫೋನ್ ಮಾಡಿ "ಯಾರೂ ಚಾವಿ ತಿರಿವಬ್ಯಾಡ್ರಿ, ನಾ ಬರೂತನ ಮುಟ್ಟಬ್ಯಾಡ್ರಿ" ಅಂತ ಹೇಳಿದ್ದನಂತೆ.

ನಾನು ಪುಟ ತಿರುವುತ್ತಾ ಕೂತೆ. ನಮ್ಮ ಕಂಪನಿಯ ವರದಿಯಲ್ಲಿ ಅಪಾಯಗಳನ್ನು ಬರೆಯುವುದಕ್ಕೂ ಒಂದು ಜಾಗ ಇದೆ. ಅಲ್ಲಿ ನಾನು ಪ್ರತಿ ವರ್ಷ 'ಹವಾಮಾನ ಬದಲಾವಣೆಯಿಂದ ಕ್ಲೇಮುಗಳು ಹೆಚ್ಚಬಹುದು' ಅಂತ ಒಂದು ಪ್ಯಾರಾ ಬರೀತೀನಿ. ಹಿಂದಿನ ವರ್ಷದ್ದನ್ನೇ ಎತ್ತಿ ಹಾಕ್ತೀನಿ ಅನ್ನುವುದು ಸರಿ. 2024ರಲ್ಲಿ ಐಆರ್‌ಡಿಎಐ ಕೂಡ, ವಿಮಾ ಕಂಪನಿಗಳ ಆಡಳಿತ ಮಂಡಳಿ ಪರಿಸರ-ಸಾಮಾಜಿಕ ವಿಷಯಗಳಿಗೆ ಒಂದು ಚೌಕಟ್ಟು ಮಾಡಿಕೊಳ್ಳಬೇಕು ಅಂತ ನಿಯಮ ತಂದಿತು. ಚೌಕಟ್ಟು ಮಾಡಿದ್ದೇವೆ, ಚೆಂದದ ಮುಖಪುಟವೂ ಇದೆ. ಆ ಪ್ಯಾರಾದಲ್ಲಾಗಲಿ ಚೌಕಟ್ಟಿನಲ್ಲಾಗಲಿ ಒಂದು ಹೊಳೆಯ ಹೆಸರಿಲ್ಲ, ಒಂದು ಊರಿನ ಹೆಸರಿಲ್ಲ. ಸಮುದ್ರದ ನೀರು ಎಷ್ಟು ಬಳಸಿದಿರಿ ಅಂತ ಕೇಳುವ ಫಾರ್ಮು, ಹೊಳೆಯ ನೀರು ನಿಮ್ಮ ಎಷ್ಟು ಗಿರಾಕಿಗಳ ಮನೆ ಹೊಕ್ಕಿತು, ಎಷ್ಟು ದಿನಕ್ಕೆ ದುಡ್ಡು ಕೊಟ್ಟಿರಿ, ಎಷ್ಟು ಜನಕ್ಕೆ ಇಲ್ಲ ಅಂದಿರಿ, ಯಾಕೆ ಅಂತ ಕೇಳುವುದಿಲ್ಲ. ಗ್ಯಾರೇಜಿನವನ ಕೈಗೆ ಎಕ್ಸೆಲ್ ಕೊಡಬೇಕಾಗಿಲ್ಲ ಇದಕ್ಕೆ. ಇದೆಲ್ಲ ನಮ್ಮದೇ ಕ್ಲೇಮು ವಿಭಾಗದ ಕಡತಗಳಲ್ಲಿ ಬಿದ್ದಿದೆ.

ಪುಣೆಗೆ ವಾಪಸ್ ಬಂದು ನಮ್ಮ ಮುಖ್ಯಸ್ಥರ ಮುಂದೆ ಈ ಮಾತು ಇಟ್ಟೆ. ಒಳ್ಳೆಯ ಮನುಷ್ಯ, ಕೇಳಿಸಿಕೊಂಡರು. ಆಮೇಲೆ ಹೇಳಿದರು, "ಭಾರ ಜಾಸ್ತಿ ಆಯ್ತು, ಪ್ರಶ್ನೆ ಕಡಿಮೆ ಮಾಡಿ ಅಂತ ಬೇಡಿಕೊಂಡವರು ನಾವು. ಈಗ ನಾವೇ ಹೋಗಿ ಕೇಳದ ಪ್ರಶ್ನೆಗೆ ಉತ್ತರ ಕೊಡೋದಾ?" ಅವರ ಮಾತಿನಲ್ಲಿ ತಪ್ಪಿಲ್ಲ. ಆದರೂ ನನಗೆ ಅನ್ನಿಸೋದು, ಗಾಡಿಯ ಭಾರ ಇಳಿಸುವಾಗ ಮೇಲಿದ್ದ ಖಾಲಿ ಚೀಲ ಇಳಿಸಬೇಕು. ನಾವು ಇಳಿಸಿದ್ದು ಅದನ್ನಲ್ಲ. 45 ಲೀಟರಿನ ಗುಣಾಕಾರ ಈ ವರ್ಷವೂ ಮಾಡಬೇಕು, ವಿಕಿರಣ ತ್ಯಾಜ್ಯದ ಸೊನ್ನೆ ಈ ವರ್ಷವೂ ಹಾಕಬೇಕು. ಅವು ಎಲ್ಲಿಗೂ ಹೋಗಿಲ್ಲ. 2026-27ರ ಹೊತ್ತಿಗೆ ಆ 1000 ಕಂಪನಿಗಳೂ ಆ ಸಂಖ್ಯೆಗಳಿಗೆ ಖಾತ್ರಿ ಪತ್ರ ತರಬೇಕು ಬೇರೆ.

ಮುಖ್ಯಸ್ಥರಿಗೆ ಕಾಕಾನ ಡೈರಿಯ ಬಗ್ಗೆ ಹೇಳಿದಾಗ ಮಾತ್ರ ಅವರ ಕಿವಿ ನಿಮಿರಿತು. "ಅದರ ಫೋಟೋ ಸಿಗಬಹುದಾ? ವರದಿಗಲ್ಲ, ಪ್ರೀಮಿಯಂ ನಿಗದಿ ಮಾಡುವವರಿಗೆ ಬಹಳ ಉಪಯೋಗ." ನನಗೆ ಖುಷಿಯಾಯಿತು. ಅಂತೂ ಯಾರಿಗೋ ಬೇಕಾಯ್ತಲ್ಲ. ಅವತ್ತೇ ರಾತ್ರಿ ಕಾಕಾಗೆ ಫೋನ್ ಮಾಡಿದೆ.

ಕಾಕಾ ಪೂರ್ತಿ ಕೇಳಿದ. ಆಮೇಲೆ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

"ಈ ಡೈರಿ ನಿಮ್ಮವರ ಕೈಗೆ ಕೊಟ್ಟರ, ನಮ್ಮೂರಿನ ಗಾಡಿಗೋಳಿಗೆ ವಿಮಾ ರೇಟ್ ಏರಸ್ತಾರೋ ಇಲ್ಲೋ? ಇಲ್ಲಾ ಸತ್ತಿ ಅಂದ ಕೂಡ್ಲೇ ಬ್ಯಾಡ ಅಂತ ಬಿಟ್ಟ ಹೋಗ್ತಾರೋ?"

ಎರಡೂ ಆಗಬಹುದು ಅಂದೆ. ಈ ಸಲ ಸುಳ್ಳು ಹೇಳಲಿಲ್ಲ. ಅದೇ ಸಂಖ್ಯೆಗಳು ಎಲ್ಲರಿಗೂ ಕಾಣುವ ವರದಿಯಲ್ಲಿ ಎಲ್ಲ ಕಂಪನಿಗಳಿಂದಲೂ ಬಂದರೆ, ದಂಡೆಯ ಊರುಗಳಿಗೆ ಕ್ಲೇಮು ಯಾಕೆ ಸಿಗ್ತಿಲ್ಲ ಅಂತ ಕೇಳೋದಕ್ಕೆ ಒಬ್ಬ ಶಾಸಕನಿಗೋ ಪತ್ರಕರ್ತನಿಗೋ ಒಂದು ಆಧಾರ ಆಗುತ್ತೆ ಅಂತ ಹೇಳಿದೆ. ಒಂದೇ ಕಂಪನಿಯ ಕೈಯಲ್ಲಿ ಗುಟ್ಟಾಗಿ ಇದ್ದರೆ ರೇಟು ಏರಿಸೋದಕ್ಕೆ ಮಾತ್ರ ಆಗುತ್ತೆ ಅಂತಲೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ಸ್ಪಷ್ಟ ಆಯಿತು ಅನ್ನಿ. ಕಾಕಾ 'ಹೂಂ' ಅಂದ.

"ನಿಮ್ಮ ಸೆಬಿಯವ್ರು ಕೇಳ್ಲಿ, ಕೊಡ್ತೇನಿ. ಎಲ್ಲಾರಿಗೂ ಕೇಳ್ಲಿ. ಅಲ್ಲೀತನ ಅಟ್ಟದ ಮ್ಯಾಲ ಇರ್ಲಿ. 2019ರ ನೀರ ಅಲ್ಲೀತನಾ ಬಂದಿಲ್ಲ." ಸ್ವಲ್ಪ ತಡೆದು, "ಮತ್ತ ತಮ್ಮಾ, ಆ ಕಂಪ್ಯೂಟರಿನವಂಗ ಕೊಟ್ಟ ನನ್ನ ಎರಡೂವರೆ ಸಾವಿರ ಯಾವಾಗ ಕೊಡ್ತಿ?"

ಆವಾಗಲೇ ಫೋನ್‌ಪೇ ಮಾಡಿದೆ. ಮುಟ್ಟಿತು ಅಂತ ಮೆಸೇಜು ಬಂತು. ಮಿಕ್ಕ ಗ್ಯಾರೇಜಿನವರಿಗೆ 'ಆ ಫಾರ್ಮು ಇನ್ನು ಬೇಡ' ಅಂತ ಒಂದು ಇಮೇಲ್ ಕನ್ನಡ, ಮರಾಠಿ ಎರಡರಲ್ಲೂ ಬರೆದಿಟ್ಟಿದ್ದೇನೆ. ಮೂರು ವಾರ ಆಯ್ತು, ಕಾನೂನು ವಿಭಾಗದವರ ಒಪ್ಪಿಗೆಗೆ ಕಾಯ್ತಾ ಇದೆ.